ಸೀರೆ ಉಟ್ಟ ರೋಡ್ ಹಂಪ್

ಸಾಗರ, ಹೊಸನಗರ, ತೀರ್ಥಹಳ್ಳಿ – ಈ ಮೂರು ತಾಲ್ಲೂಕುಗಳ ಒಳರಸ್ತೆಗಳಲ್ಲಿ ಎಷ್ಟು ರೋಡ್ ಹಂಪ್‌ಗಳಿವೆಯೋ ನನಗೆ ಗೊತ್ತಿಲ್ಲ. ಆದರೆ ಸೀರೆ ಉಟ್ಟು, ಕನ್ನಡಕ ಹಾಕಿಕೊಂಡು, ಎಲೆಯಡಿಕೆ ಜಗಿಯುವ ಹಂಪ್ ಇರುವುದು ಒಂದೇ ಒಂದು. ಅದು ನನ್ನ ದೊಡ್ಡಮ್ಮ! ಉಳಿದ ಹಂಪ್‌ಗಳನ್ನು ಗಾಡಿ ಹಾರಿಸಿಯಾದರೂ ದಾಟಬಹುದು. ಇದನ್ನು ದಾಟಬೇಕಾದರೆ ಗಾಡಿ ಆಫ್ ಮಾಡಿ, ಕೆಳಗಿಳಿದು, ನಿಮ್ಮ ಅಜ್ಜಿಯ ತವರುಮನೆ ಯಾವುದೆಂದು ಹೇಳಬೇಕು.

ದೊಡ್ಡಮ್ಮ ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಮದುವೆಯಾಗಿ ಬಂದದ್ದು ಸಾಗರದಿಂದ ಹೊಸನಗರದ ಕಡೆಗೆ ಹೋಗುವ ಒಂದು ಒಳರಸ್ತೆಯ ತಿರುವಿಗೆ. ತಿರುವಿನ ಒಂದು ಪಕ್ಕ ಆಳೆತ್ತರದ ಮಣ್ಣಿನ ದರೆ, ಇನ್ನೊಂದು ಪಕ್ಕ ಚರಂಡಿ. ನಡುವಿನ ರಸ್ತೆಯಲ್ಲಿ ಒಂದು ಜೀಪು ಬಂದರೆ ಎದುರಿನ ಎಮ್ಮೆ ಹಿಂದಕ್ಕೆ ಹೋಗಬೇಕು. ಚರಂಡಿಯ ಆಚೆ ದೊಡ್ಡಮ್ಮನ ಮಗ, ಅಂದರೆ ನನ್ನ ಅಣ್ಣ, ನಡೆಸುವ ಹಿಟ್ಟಿನ ಗಿರಣಿ. ಅದಕ್ಕೆ ಅಂಟಿಕೊಂಡೇ ಮನೆ. ಅಕ್ಕಿ, ರಾಗಿ ಹೊತ್ತ ಹೆಂಗಸರು ಇಡೀ ದಿನ ರಸ್ತೆ ದಾಟುತ್ತಲೇ ಇರುತ್ತಾರೆ. ಗಿರಣಿಯ ಸದ್ದಿನಲ್ಲಿ ಅವರಿಗೆ ಬೈಕು ಬರುವುದು ಕೇಳಿಸುವುದಿಲ್ಲ. ದರೆಯ ಮರೆಯಲ್ಲಿ ಬೈಕಿನವನಿಗೆ ಅವರು ಕಾಣಿಸುವುದಿಲ್ಲ. ರಸ್ತೆಗೆ ಡಾಂಬರು ಬೀಳುವವರೆಗೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಹೊಂಡಗಳ ನಡುವೆ ರಸ್ತೆ ಹುಡುಕುತ್ತ ಬರುವವನು ಎಷ್ಟು ಜೋರಾಗಿ ಬಂದಾನು? ಡಾಂಬರು ಬಿದ್ದದ್ದೇ ತಡ, ಸುತ್ತಲಿನ ಹುಡುಗರಿಗೆಲ್ಲ ರೆಕ್ಕೆ ಬಂತು.

ದೊಡ್ಡಮ್ಮ ಸೀದಾ ಪಂಚಾಯಿತಿ ಕಚೇರಿಗೆ ಹೋದಳು. ಹಂಪ್ ಹಾಕಿಸಿ ಎಂದಳು. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು, ತಡವಾಗುತ್ತದೆ ಎಂದರು ಅಲ್ಲಿನ ಸಾಹೇಬರು.

“ಹಂಗಾರೆ ನಮ್ ಹೊಂಡ ನಮಗೆ ವಾಪಸ್ ಕೊಡಿ” ಎಂದಳು ದೊಡ್ಡಮ್ಮ.

ಸಾಹೇಬರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಅಮ್ಮಾ, ಜನ ಹೊಂಡ ಮುಚ್ಚಿ ಅಂತ ಬರ್ತಾರೆ. ನೀವೆಂತ ಹೇಳ್ತಿದ್ದೀರಿ?”

“ಪೂರಾ ಬೇಡ ಸಾರ್. ತಿರುವಿನ ಆ ಕಡೆ ಒಂದು, ಈ ಕಡೆ ಒಂದು. ಮೊದಲು ಇತ್ತಲ್ಲ, ಎಮ್ಮೆ ಮಲಗ್ತಿತ್ತಲ್ಲ, ಅಂಥದ್ದೇ ಕೊಡಿ!”

ಹೊಂಡ ಮಂಜೂರಾಗಲಿಲ್ಲ. ಮರುದಿನ ಬೆಳಿಗ್ಗೆ ದೊಡ್ಡಮ್ಮ ಗಿರಣಿಯ ಎದುರು, ರಸ್ತೆಯ ಅಂಚಿಗೆ ಒಂದು ಕುರ್ಚಿ ಹಾಕಿಸಿಕೊಂಡು ಕೂತಳು. ಮಡಿಲಲ್ಲಿ ಮೊರ, ಮೊರದಲ್ಲಿ ಅಕ್ಕಿ, ಪಕ್ಕದ ಸ್ಟೂಲಿನ ಮೇಲೆ ಒಂದು ತಂಬಿಗೆ ನೀರು ಮತ್ತು ಬೆಲ್ಲದ ಡಬ್ಬಿ. ದೂರದಲ್ಲಿ ಬೈಕಿನ ಸದ್ದು ಕೇಳಿದರೆ ಎದ್ದು ನಿಂತು ಕೈ ಅಡ್ಡ ಹಿಡಿಯುವುದು. “ನಿಲ್ಲಾ ಸ್ವಲ್ಪ! ಬಾಯಾರಿಕೆ ಕುಡ್ಕಂಡ್ ಹೋಗು!”

ಹಿರಿಯರು ಕರೆದು ಬೆಲ್ಲ-ನೀರು ಕೊಟ್ಟರೆ ಬೇಡ ಎನ್ನುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಹುಡುಗ ಗಾಡಿ ನಿಲ್ಲಿಸಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ವಿಚಾರಣೆ ಶುರುವಾಗುವುದೇ ಆಗ! ಯಾವೂರನಾ? ಯಾರ ಮನೆ? ಅಪ್ಪನ ಹೆಸರೆಂತ? ಅಮ್ಮ ಎಲ್ಲಿಂದ ಬಂದವಳು? ಬೆಲ್ಲ ಕರಗುವುದರೊಳಗೆ ಅವನ ಅಜ್ಜಿ ದೊಡ್ಡಮ್ಮನ ಓರಗಿತ್ತಿಯ ತಂಗಿಯ ನಾದಿನಿ ಎಂಬುದು ಸಾಬೀತಾಗಿರುತ್ತದೆ. ಆಮೇಲೆ ಅವನ ಕಣ್ಣೆದುರೇ ಅವನ ತಾಯಿಗೆ ಫೋನು.

“ನಿನ್ ಮಗ ಬಂದಿದ್ದಾನೆ ಮಾರಾಯ್ತಿ, ಬೆಲ್ಲ ತಿಂತಿದ್ದಾನೆ. ಹುಡ್ಗ ಲಾಯಕ್ಕಿದ್ದಾನೆ. ಆದ್ರೆ ಗಾಡಿ ಓಡ್ಸೋದು ನೋಡಿದ್ರೆ ಜೀವ ಬಾಯಿಗೆ ಬರ್ತದೆ. ನಾಳೆ ಹೆಣ್ಣಿನ ಕಡೆಯೋರು ನನ್ ಹತ್ರ ವಿಚಾರಿಸಿದ್ರೆ ನಾನು ಎಂತ ಹೇಳ್ಲಿ?”

ಈಗ ನಮ್ಮ ಕಡೆ ಗಂಡುಮಕ್ಕಳಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಲ್ಲ? ಪೊಲೀಸರ ದಂಡಕ್ಕೆ ಹೆದರದ ಹುಡುಗರು ಈ ಒಂದು ಮಾತಿಗೆ ಬೆವತು ಹೋದರು. “ದಮ್ಮಯ್ಯ ದೊಡ್ಡಮ್ಮ, ಇನ್ನೊಂದ್ಸಲ ಹಿಂಗೆ ಬರಲ್ಲ” ಎಂದು ಕೈ ಮುಗಿದು ಗಾಡಿ ತಳ್ಳಿಕೊಂಡೇ ತಿರುವು ದಾಟಿದವರಿದ್ದಾರೆ.

ಹುಡುಗರು ಸುಮ್ಮನಿರುತ್ತಾರೆಯೇ? ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡರು. “ದೊಡ್ಡಮ್ಮ ಕೂತಿದ್ದಾರೆ.” “ದೊಡ್ಡಮ್ಮ ಸ್ನಾನಕ್ಕೆ ಹೋದರು, ರೋಡ್ ಕ್ಲಿಯರ್.” ಕೆಲವು ದಿನ ಇದು ಚೆನ್ನಾಗಿಯೇ ನಡೆಯಿತು. ಆಮೇಲೆ ಅದ್ಯಾಕೋ ರೋಡ್ ಕ್ಲಿಯರ್ ಎಂದು ನಂಬಿ ಬಂದವರೆಲ್ಲ ದೊಡ್ಡಮ್ಮನ ಕೈಗೇ ಸಿಕ್ಕಿಬೀಳತೊಡಗಿದರು. ತನಿಖೆ ಮಾಡಿದಾಗ ಗೊತ್ತಾಯಿತು: ಗ್ರೂಪಿನಲ್ಲಿ ನಮ್ಮ ಅತ್ತಿಗೆಯ ನಂಬರೂ ಇತ್ತು. ಅತ್ತೆ ಕುರ್ಚಿಯಲ್ಲಿ ಕೂತು ಹೇಳುವುದು, ಸೊಸೆ ಒಳಗಿನಿಂದ ಟೈಪ್ ಮಾಡುವುದು – “ದೊಡ್ಡಮ್ಮ ಮಲಗಿದ್ದಾರೆ, ಆರಾಮಾಗಿ ಬನ್ನಿ!” ಲೋಕದಲ್ಲಿ ಅತ್ತೆ ಸೊಸೆಗೆ ಆಗಿಬರುವುದಿಲ್ಲ ಎಂದವರು ಯಾರು?

ಇನ್ನು ನನ್ನ ಪಾಡು ಕೇಳಿ. ನಾನು ಸಾಗರದಲ್ಲಿ ಬೈಕುಗಳ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡವನು. ಭಾನುವಾರ ಅಂಗಡಿಗೆ ರಜೆ, ದೊಡ್ಡಮ್ಮನ ಮನೆಯಲ್ಲಿ ಊಟ. ಆದರೆ ಎಲೆಯ ಮುಂದೆ ಕೂತ ಕೂಡಲೇ ದೊಡ್ಡಮ್ಮ ನನ್ನ ಜನ್ಮ ಜಾಲಾಡುತ್ತಾಳೆ. “ಆ ಕಿವಿ ಹರಿಯೋ ಪೀಪಿ ಮಾರೋದು ನೀನೇ ಅಲ್ಲನಾ? ಸೈಲೆನ್ಸರ್ ಮಾರೋದೂ ನೀನೇ. ಮಾರೋದೇ ಆದ್ರೆ ಬ್ರೇಕ್ ಮಾರು!” ಬ್ರೇಕನ್ನೂ ಮಾರುತ್ತೇನೆ ದೊಡ್ಡಮ್ಮ, ನಿನ್ನ ದಯೆಯಿಂದ ಈಚೆಗೆ ಅದೇ ಹೆಚ್ಚು ಖರ್ಚಾಗುತ್ತಿದೆ ಎಂದರೆ, ಆಗ ಮಾತ್ರ ಇನ್ನೊಂದು ಸೌಟು ಪಾಯಸ ಬೀಳುತ್ತದೆ.

ಇಷ್ಟು ಓದಿದ ನೀವು ಮನಸ್ಸಿನಲ್ಲೇ ಒಂದು ಕಥೆ ಕಟ್ಟಿಕೊಂಡಿರುತ್ತೀರಿ. ಪಾಪ, ಆಕೆಯ ಮನೆಯವರು ಯಾರೋ ಅದೇ ತಿರುವಿನಲ್ಲಿ ಹೋಗಿರಬೇಕು ಅಂತ. ಇಲ್ಲ ಸ್ವಾಮಿ! ಆ ತಿರುವಿನಲ್ಲಿ ಈವರೆಗೆ ಒಂದು ಕೋಳಿಯೂ ಸತ್ತಿಲ್ಲ. ನಾನೂ ಒಮ್ಮೆ ಕೇಳಿದ್ದೆ. “ಇಲ್ಲಿ ಯಾರಿಗೂ ಎಂತದೂ ಆಗಿಲ್ಲವಲ್ಲ ದೊಡ್ಡಮ್ಮ, ಇಷ್ಟೆಲ್ಲ ಎಂತಕ್ಕೆ?”

“ಆಗ್ಲಿ ಅಂತ ಕಾಯ್ಬೇಕನಾ?” ಎಂದು ಸಿಟ್ಟಿನಿಂದ ನೋಡಿ ಕುರ್ಚಿಗೆ ವಾಪಸ್ಸು ಹೋದಳು.

ಹೀಗೆ ಸುತ್ತಲ ಹತ್ತೂರನ್ನು ಹದ್ದುಬಸ್ತಿಗೆ ತಂದ ದೊಡ್ಡಮ್ಮನಿಗೆ ಒಬ್ಬ ಮಾತ್ರ ದಕ್ಕಲಿಲ್ಲ. ಕರಿಯ ಬೈಕು, ಕೆಂಪು ಹೆಲ್ಮೆಟ್, ಬೆನ್ನಿಗೆ ಆಳೆತ್ತರದ ಪಾರ್ಸೆಲ್ ಚೀಲ. ಬೆಳಿಗ್ಗೆ ಸಾಗರದ ಕಡೆಯಿಂದ ಬಂದನೆಂದರೆ ಬಾಣ! ಕಣ್ಣು ಮುಚ್ಚಿ ತೆರೆಯುವುದರೊಳಗೆ ತಿರುವು ದಾಟಿರುತ್ತಿದ್ದ. ದೊಡ್ಡಮ್ಮ ಕೈ ಅಡ್ಡ ಹಿಡಿದರೆ, ಪಾಪ ಯಾರೋ ಅಜ್ಜಿ ಟಾಟಾ ಮಾಡುತ್ತಿದ್ದಾರೆ ಎಂದುಕೊಂಡು ಅವನೂ ಟಾಟಾ ಮಾಡಿ ಹೋಗುತ್ತಿದ್ದ. ಮೊರ ಬೀಸಿದರೆ ಇನ್ನೂ ಜೋರಾಗಿ ಟಾಟಾ!

ತಲೆನೋವು ಏನೆಂದರೆ ಆ ಹೆಲ್ಮೆಟ್ಟು. ಮುಖ ಕಂಡಿದ್ದರೆ ಮೂಗು ನೋಡಿ ಇಂಥವರ ಮನೆಯವನೆಂದು ಹೇಳಿಬಿಡುತ್ತಿದ್ದಳು. ಹೆಲ್ಮೆಟ್ ಹಾಕು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ಅದನ್ನು ತೆಗಿ ಎನ್ನುವುದು ಹೇಗೆ? ಬಂದವರನ್ನೆಲ್ಲ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ನನಗೆ ಫೋನಿನ ಮೇಲೆ ಫೋನು. “ನಿನ್ ಅಂಗಡಿಗೆ ಬರ್ತಾನನಾ ಅವ್ನು? ಬಂದ್ರೆ ಬೇರೆಂತದೂ ಕೇಳ್ಬೇಡ. ತಾಯಿ ನಂಬರ್ ಇಸ್ಕ.” ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಒಂದು ಭಾನುವಾರ ಅವನು ಹಾದುಹೋದಾಗ ದೊಡ್ಡಮ್ಮನನ್ನು ನೋಡಿದೆ. ಬೈಕಿನ ಸದ್ದು ಮುಂದಿನ ತಿರುವು ದಾಟಿ ಪೂರ್ತಿ ಅಡಗುವವರೆಗೆ ಮೊರದ ಮೇಲಿನ ಕೈ ಅಲ್ಲಾಡಲಿಲ್ಲ. ಇವನು ಇವತ್ತಲ್ಲ ನಾಳೆ ಸಾಯುತ್ತಾನೆ, ಇಲ್ಲವೇ ಗಿರಣಿಗೆ ಬಂದ ಯಾರನ್ನಾದರೂ ಸಾಯಿಸುತ್ತಾನೆ ಎಂಬ ಭಯ ಅವಳನ್ನು ಬಿಡುತ್ತಿರಲಿಲ್ಲ.

ಒಮ್ಮೆ ಸಾಗರಕ್ಕೆ ಬಂದವಳು ವರದಹಳ್ಳಿಯ ಆಶ್ರಮಕ್ಕೆ ಕರೆದುಕೊಂಡು ಹೋಗು ಎಂದಳು. ಹಿಂದೆ ಕೂರಿಸಿಕೊಂಡು ಹೊರಟೆ. ಅವಳಿಗೂ ಒಂದು ಹೆಲ್ಮೆಟ್. ಗೇರು ಬದಲಿಸಿದರೆ ಬೆನ್ನಿಗೆ ಗುದ್ದು, ಹಾರ್ನ್ ಹೊಡೆಯದಿದ್ದರೆ ಇನ್ನೊಂದು ಗುದ್ದು! ನಡೆದು ಹೋಗುತ್ತಿದ್ದ ಭಕ್ತರೊಬ್ಬರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, “ಗಾಡಿ ಕೆಟ್ಟಿದ್ಯಾ?” ಎಂದು ವಿಚಾರಿಸಿದರು. ಕೈ ಮುಗಿದು ಹೊರಗೆ ಬಂದಾಗ ಏನು ಬೇಡಿಕೊಂಡೆ ಎಂದು ಕೇಳಿದೆ. ಮೊಮ್ಮಕ್ಕಳ ಪರೀಕ್ಷೆ, ಗಿರಣಿಯ ಮೋಟಾರು, ಇಂಥದ್ದೇನೋ ಇರಬೇಕೆಂದುಕೊಂಡಿದ್ದೆ.

“ಆ ಕೆಂಪು ಹೆಲ್ಮೆಟ್ಟಿನವನ ತಾಯಿ ಸಿಕ್ಲಿ ಅಂತ” ಎಂದಳು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ, ನಾನು ಗಿರಣಿಯ ಬಾಗಿಲಲ್ಲಿ ನಿಂತಿದ್ದೆ. ಅತ್ತಿಗೆ ಹಿಟ್ಟಿನ ಡಬ್ಬ ಹೊತ್ತು ರಸ್ತೆಯಾಚೆ ನಿಂತಿದ್ದ ಆಟೊಗೆ ಇಡಲು ಹೋಗುತ್ತಿದ್ದರು. ದರೆಯ ಮರೆಯಿಂದ ಕೆಂಪು ಹೆಲ್ಮೆಟ್ ಬಂತು. ದೊಡ್ಡಮ್ಮ ಕೂಗಿದ್ದು ನನಗೆ ಕೇಳಿಸಿತು, ಅತ್ತಿಗೆಗೆ ಕೇಳಿಸಲಿಲ್ಲ. ಕಿರ್ರ್ ಎಂದು ಬ್ರೇಕು. ಬೈಕು ಅಡ್ಡಡ್ಡ ಜಾರಿ ಚರಂಡಿಗೆ ಬಿತ್ತು. ಅತ್ತಿಗೆಯ ಕೈಯಿಂದ ಡಬ್ಬ ಹಾರಿ ಇಡೀ ರಸ್ತೆ ಬೆಳ್ಳಗಾಯಿತು.

ದೇವರು ದೊಡ್ಡವನು. ಅತ್ತಿಗೆಗೆ ಏನೂ ಆಗಿರಲಿಲ್ಲ. ದೊಡ್ಡಮ್ಮ ಓಡಿಹೋಗಿ ಅವರ ಮೈಕೈ ಮುಟ್ಟಿ ನೋಡಿ, ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಚರಂಡಿಯ ಕಡೆ ತಿರುಗಿದಳು. ನಾನೂ ಅಣ್ಣನೂ ಅವನನ್ನು ಎತ್ತಿ ಕೂರಿಸಿದ್ದೆವು. ಮೊಣಕಾಲು ಕೆತ್ತಿಹೋಗಿತ್ತು, ಅಷ್ಟೇ. ತಲೆಯಿಂದ ಕಾಲಿನವರೆಗೆ ಅಕ್ಕಿಹಿಟ್ಟು. ದೊಡ್ಡಮ್ಮ ತಾನೇ ಅವನ ಹೆಲ್ಮೆಟ್ ಬಿಚ್ಚಿದಳು. ಇಪ್ಪತ್ತೈದರ ಆಸುಪಾಸಿನ ಹುಡುಗ. ಮೂಗು ನೋಡಿದಳು, ಕಣ್ಣು ನೋಡಿದಳು, ಗುರುತು ಸಿಗಲಿಲ್ಲ.

“ಯಾರ ಮಗನಾ ನೀನು? ಯಾವೂರು? ಹೇಳು, ಈಗ್ಲೇ ಫೋನ್ ಮಾಡ್ತೀನಿ ನಿನ್ ತಾಯಿಗೆ!” ಫೋನು ಆಗಲೇ ಕೈಯಲ್ಲಿತ್ತು.

“ಯಾರಿಗ್ ಹಚ್ತೀರಿ ಅಮ್ಮಾರ?” ಎಂದ ಅವನು ತಲೆ ತಗ್ಗಿಸಿ. “ನಂದು ಹಾವೇರಿ ಕಡಿ ಹಳ್ಳಿರಿ. ಸಾಗರದಾಗ ರೂಮ್ ಮಾಡೀನಿ. ನಮ್ಮವ್ವ ನಾ ಸಣ್ಣಾವ ಇದ್ದಾಗ ಹೋದ್ಲ್ರಿ. ಅಪ್ಪನೂ ಇಲ್ರಿ. ನಾ ಬಂದ್ರೂ ಬರದಿದ್ರೂ ಕೇಳವ್ರು ಯಾರೂ ಇಲ್ರಿ.”

ದೊಡ್ಡಮ್ಮ ಫೋನು ಸ್ಟೂಲಿನ ಮೇಲಿಟ್ಟಳು. ಸೆರಗಿನ ತುದಿ ನೀರಿನಲ್ಲಿ ಅದ್ದಿ ಅವನ ಮುಖದ ಹಿಟ್ಟು ಒರೆಸಿದಳು. ಮೊಣಕಾಲಿಗೆ ಅರಿಶಿನ ಒತ್ತಿದಳು. ಬೆಲ್ಲದ ಚೂರು ಅವನ ಬಾಯಿಗೆ ತುರುಕಿದಳು. ಆಮೇಲೆ ಬಂತು ನೋಡಿ ಸಿಟ್ಟು!

“ಕೇಳೋರಿಲ್ಲ ಅಂತ ಹಿಂಗ್ ಓಡ್ಸೋದನಾ? ತೆಗಿ ಫೋನು. ನನ್ ನಂಬರ್ ಬರ್ಕ. ದಿನಾ ಸಂಜೆ ರೂಮು ಮುಟ್ಟಿದ ಕೂಡ್ಲೆ ಮುಟ್ಟಿದೆ ಅಂತ ಹೇಳ್ಬೇಕು. ನೀನು ಹೇಳೋ ತನಕ ನಾನು ಉಣ್ಣಲ್ಲ. ತಿಳೀತನಾ?”

ಅವನು ನಂಬರು ಬರೆದುಕೊಂಡ. ಸಿಟ್ಟಿನಲ್ಲಿ ಆಡಿದ ಮಾತು, ನಾಳೆ ಮರೆಯುತ್ತಾಳೆ ಎಂದು ನಾನೂ ಅಂದುಕೊಂಡೆ. ಆ ಸಂಜೆ ಎಲ್ಲರಿಗೂ ಬಡಿಸಿದ ಮೇಲೆ ದೊಡ್ಡಮ್ಮ ತನ್ನ ತಟ್ಟೆಯನ್ನು ಮುಚ್ಚಿಟ್ಟು ಕೂತಳು. ಅಣ್ಣ ಗೊಣಗಿದ. ಅತ್ತಿಗೆ ಮಾತ್ರ, “ಬರ್ತದೆ ಅತ್ತೆ, ಫೋನ್ ಬರ್ತದೆ” ಎನ್ನುತ್ತ ಪಕ್ಕದಲ್ಲೇ ಕೂತರು. ಅನ್ನ ತಣ್ಣಗಾದ ಮೇಲೆ ಫೋನು ಬಂತು. “ಮುಟ್ಟೀನ್ರಿ ಅಮ್ಮಾರ.” ದೊಡ್ಡಮ್ಮ ತಟ್ಟೆಯ ಮುಚ್ಚಳ ತೆಗೆದಳು. ಆವತ್ತಿನಿಂದ ಇದೇ ಪದ್ಧತಿ.

ಮೊನ್ನೆ ಸಂಜೆ ಅವನು ನನ್ನ ಅಂಗಡಿಗೆ ಬಂದಿದ್ದ, ಹಿಂದಿನ ಬ್ರೇಕ್ ಶೂ ಬೇಕೆಂದು. ಮಳೆ ಹಿಡಿದಿತ್ತು. ಚಹಾ ಕುಡಿದು ಹೋಗು, ಮಳೆ ಬಿಡಲಿ ಎಂದೆ. ಅವನು ಒಪ್ಪಲಿಲ್ಲ. ರೂಮಿಗೆ ಹೋಗಬೇಕು, ಗಿರಣಿ ಮನೆಯಲ್ಲಿ ಅಮ್ಮಾರು ತಟ್ಟೆ ಮುಚ್ಚಿಟ್ಟು ಕಾಯುತ್ತಿರುತ್ತಾರೆ ಎಂದ. ನನಗೆ ತಮಾಷೆ ಮಾಡುವ ಚಟ. “ಅದಕ್ಕೆಂತ ಮಾರಾಯ, ಇಲ್ಲಿಂದ್ಲೇ ಫೋನ್ ಮಾಡಿ ಮುಟ್ಟಿದೆ ಅಂದ್ಬಿಡು. ಅವ್ರೂ ಉಣ್ತಾರೆ, ನೀನೂ ಆರಾಮಾಗಿ ಹೋಗ್ಬಹುದು” ಎಂದೆ.

ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದವನು ನಿಲ್ಲಿಸಿ, ಇದೆಂಥ ಮನುಷ್ಯ ಎನ್ನುವ ಹಾಗೆ ನನ್ನನ್ನು ನೋಡಿದ.

“ಅವ್ವಗ ಹೆಂಗ್ ಸುಳ್ಳ ಹೇಳ್ಲಿ ಅಣ್ಣಾರ?”