ಅನುಸೂಯಳ ಪರವಾಗಿ ಅರಬ್ಬಿ

ಅನುಸೂಯ ಶುಕ್ರವಾರ ತೀರಿಕೊಂಡಳು. ಹೃದಯಾಘಾತ. ಊರಿನವರ ನಾಡಿಯನ್ನೆಲ್ಲ ಹಿಡಿದು ನೋಡಿದ ನರ್ಸಿಗೆ ತನ್ನದನ್ನೊಮ್ಮೆ ಹಿಡಿದು ನೋಡಲು ಏನಾಗಿತ್ತು ಎಂಬುದು ಗೆಳತಿ ಹೇಮಾವತಿಯ ಮೊದಲ ತಕರಾರು. ಎರಡನೆಯದು ಅರಬ್ಬಿ.

ಮಸ್ಕತ್‌ನ ಆಸ್ಪತ್ರೆಯೊಂದು ಅನುಸೂಯಳಿಗೆ ಕೆಲಸ ಕೊಡಲು ಒಪ್ಪಿತ್ತು. ಅರಬ್ಬಿಯಲ್ಲಿ ಮಾತಾಡುವ ಪರೀಕ್ಷೆ ಪಾಸಾಗಬೇಕು, ಅಷ್ಟೆ. ಮಂಗಳೂರಿನ ಮೇಡಂ ಒಬ್ಬರ ಆನ್‌ಲೈನ್ ಕ್ಲಾಸಿಗೆ ಸೇರಿದಳು. ಮನೆಯಲ್ಲಿ ನೆಟ್‌ವರ್ಕ್ ಸಿಗದ್ದರಿಂದ ಹೊಳಲ್ಕೆರೆಯ ಹೇಮಾವತಿಯ ಅಡುಗೆಮನೆಯೇ ಪಾಠಶಾಲೆಯಾಯಿತು. ರೊಟ್ಟಿ ಬಡಿಯುತ್ತ ಪಟಪಟ ಅರಬ್ಬಿ ಉದುರಿಸುತ್ತಿದ್ದವಳು, ಮೇಡಂ ಹೆಸರು ಕರೆದೊಡನೆ ಬೆವರುತ್ತಿದ್ದಳು. ದೊಡ್ಡ ಡಾಕ್ಟರರನ್ನೇ ಗದರಿಸಿದ ನಾಲಿಗೆ ಮೈಕಿನ ಮುಂದೆ ಅಂಟಿಕೊಳ್ಳುತ್ತಿತ್ತು.

ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಏನು ಕೇಳಿದರೂ ಸೋದರತ್ತೆಯೇ ಉತ್ತರ ಕೊಡುವುದು ನಮ್ಮ ಕಡೆಯ ಪದ್ಧತಿ. ಕನ್ನಡ ಎಂ.ಎ. ಹೇಮಾವತಿ ಆ ಪೀಠವನ್ನು ಅಲಂಕರಿಸಿದಳು. ಕ್ಯಾಮೆರಾ ಆರಿಸಿಟ್ಟು, ಅನುಸೂಯಳ ಪರವಾಗಿ ತಾನೇ ಉತ್ತರಿಸತೊಡಗಿದಳು. (ಅರಬ್ಬಿ ಬರುತ್ತಿರಲಿಲ್ಲ. ಧೈರ್ಯ ಬರುತ್ತಿತ್ತು.)

"ಎಲ್ಲಿ ನೋವು ಅಂತ ಕೇಳಿದ್ರು ಕಣೇ, ನೀನು ಹೌದು ಅಂದೆ," ಎಂದಳು ಅನುಸೂಯ, ಕ್ಲಾಸು ಮುಗಿದ ಮೇಲೆ.

"ನೋವು ಐತೆ ತಾನೆ? ಹೌದು ಅಂದ್ರೆ ತಪ್ಪೇನು?"

"ಇವ್ಳು ಕನ್ನಡದಾಗೂ ಹಂಗೇ ಕಣಮ್ಮ," ಎಂದ ಹೇಮಾವತಿಯ ಗಂಡ ಪ್ರದೀಪ್, ಪೇಪರಿನ ಮರೆಯಿಂದ. "ಕೇಳಿದ್ದೊಂದು, ಹೇಳಾದೊಂದು."

"ನಿಮ್ಮನ್ನ ಯಾರೂ ಏನೂ ಕೇಳ್ಲಿಲ್ಲ."

ಗುರುವಾರ ಮೇಡಂ ತಾಳ್ಮೆ ಕಳೆದುಕೊಂಡರು. "ಅನುಸೂಯ, ನಿಮ್ಮ ಆತ್ಮವಿಶ್ವಾಸ ದೊಡ್ಡದು. ಆದರೆ ಈ ಅರಬ್ಬಿ ಕೇಳಿದರೆ ರೋಗಿ ಎದ್ದು ಓಡಿಹೋಗ್ತಾನೆ. ಪರೀಕ್ಷೆಗೆ ನಿಮ್ಮನ್ನು ಕಳಿಸೋದಿಲ್ಲ."

ಹೇಮಾವತಿ ಕೆರಳಿ ವಾದಕ್ಕೆ ಬಾಯಿ ತೆರೆದಳು. ಅನುಸೂಯ ಆ ಬಾಯಿಯನ್ನು ಹಿಟ್ಟಿನ ಕೈಯಲ್ಲೇ ಮುಚ್ಚಿ, ಮೈಕಿಗೆ ಬಾಗಿದಳು. ಮೇಡಂ ಅವರನ್ನೇ ರೋಗಿ ಮಾಡಿಕೊಂಡು ನೋವು, ಜ್ವರ, ಊಟ, ನಿದ್ದೆ, ಎಲ್ಲವನ್ನೂ ಅರಬ್ಬಿಯಲ್ಲಿ ತಡೆಯಿಲ್ಲದೆ ವಿಚಾರಿಸಿದಳು.

"ಇದು ನನ್ನ ದನಿ, ಮೇಡಂ. ಇಷ್ಟು ದಿನ ಮಾತಾಡಿದ್ದು ನನ್ನ ಗೆಳತಿ. ನನ್ನನ್ನ ಪರೀಕ್ಷೆಗೆ ಕಳಿಸ್ರಿ, ಇವ್ಳನ್ನ ಮೊದಲ್ನೇ ಪಾಠಕ್ಕೆ ಸೇರಿಸ್ಕಳ್ರಿ."

"ನನಗ್ಯಾಕೆ ಅರಬ್ಬಿ?" ಎಂದಳು ಹೇಮಾವತಿ, ತುಟಿಯ ಹಿಟ್ಟು ಒರೆಸಿಕೊಳ್ಳುತ್ತ.

"ನಾನು ಮಸ್ಕತ್‌ಗೆ ಹೋದ್ರೆ ಸಾಯಂಕಾಲ ಏನ್ ಮಾಡ್ತೀಯ? ಕಲ್ತುಕೋ. ಹೋಗೋತನಕ ಪಕ್ಕದಾಗೆ ಕುಂತು ನಾನೇ ಹೇಳಿಕೊಡ್ತೀನಿ."

ಮೇಡಂ ಇಬ್ಬರಿಗೂ ಒಪ್ಪಿದರು. ಸೋಮವಾರ ಹೇಮಾವತಿಗೆ ಅಕ್ಷರಾಭ್ಯಾಸ. ಪಕ್ಕದಲ್ಲಿ ಯಾರೂ ಇಲ್ಲ. ಮಾತು ಕೊಟ್ಟು ಹೀಗೆ ಕೈಬಿಡುವವರನ್ನು ಏನೆಂದು ಬೈಯಬೇಕು?

ಆ ಕೊನೆಯ ಗುರುವಾರ ಮಾತು ಮುಗಿಸಿದ ಮೇಲೂ ಅನುಸೂಯ ಮೈಕು ಆರಿಸಲೇ ಇಲ್ಲ. ಲ್ಯಾಪ್‌ಟಾಪನ್ನು ಹೇಮಾವತಿಯ ಮುಖಕ್ಕೆ ತಿರುಗಿಸಿಟ್ಟು, ಕ್ಯಾಮೆರಾ ಹಾಕಿ, ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು.