ತೊಡದೇವು ಯಂತ್ರವೂ ತೊಳೆದ ಮಡಕೆಯೂ

ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ತಿರುಗುವ ವಸ್ತು ಯಾವುದೂ ಕಷ್ಟವಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹಾಗಾಗಿ ಸಿದ್ದಾಪುರದ ನನ್ನ ಸಣ್ಣ ಅಂಗಡಿಯಲ್ಲಿ ಕೂತು ಜಗತ್ತಿಗೊಂದು ಯಂತ್ರ ಕೊಡಲು ನಿರ್ಧರಿಸಿದೆ. ಜಗತ್ತು ಕೇಳಿರಲಿಲ್ಲ!

ಯಂತ್ರ ನಮ್ಮ ಕಡೆಯ ಸಿಹಿತಿಂಡಿ ತೊಡದೇವಿನದು. ಬೋರಲು ಹಾಕಿದ ಮಡಕೆಯ ಕೆಳಗೆ ಬೆಂಕಿ. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಕೋಲಿಗೆ ಕಟ್ಟಿದ ಬಟ್ಟೆಯಿಂದ ಮಡಕೆಯ ಬೆನ್ನಿನ ಮೇಲೆ ಒಂದೇ ಬೀಸಿಗೆ ಎಳೆಯಬೇಕು. ಕಾಗದದಂತೆ ಎದ್ದು ಬಂದದ್ದಕ್ಕೆ ತುಪ್ಪ ಸವರಿ ಮಡಚಬೇಕು. ನನ್ನ ಹೆಂಡತಿ ಸರಸ್ವತಿ ಮದುವೆ ಮನೆಗಳಿಗೆ ಇದನ್ನು ಮಾಡಿಕೊಡುತ್ತಿದ್ದಳು. ಆ ವರ್ಷ ಅವಳ ಬಲಗೈ ಭುಜದಿಂದ ಮೇಲೆ ಏಳದಾಯಿತು. ಕೈ ಬೀಸುವ ಬದಲು ಮಡಕೆಯೇ ತಿರುಗಿದರೆ? ಅವಳ ಕೈಗೆ ವಿಶ್ರಾಂತಿ ಸಿಗಲಿ ಎಂಬುದೊಂದೇ ನನ್ನ ಉದ್ದೇಶ. ಅವಳು ಈಗಿಲ್ಲ. ಆದ್ದರಿಂದ ನನ್ನ ಉದ್ದೇಶ ಒಳ್ಳೆಯದಿತ್ತು ಎಂದರೆ ಅಲ್ಲ ಎನ್ನುವವರೂ ಇಲ್ಲ.

ಹಳೆಯ ಗ್ರೈಂಡರಿನ ಮೋಟರು, ಸೈಕಲ್ ಚೈನು, ಫ್ಯಾನಿನ ರೆಗ್ಯುಲೇಟರು ಸೇರಿ ಯಂತ್ರವಾಯಿತು. ಅವಳು ಕೋಲನ್ನು ಸುಮ್ಮನೆ ಹಿಡಿದು ಕೂತಳು. ಮಡಕೆ ತಿರುಗಿತು. ತೊಡದೇವು ಎದ್ದು ಬಂತು! ನಿಜವಾಗಿಯೂ ಬಂತು. ಪಕ್ಕದ ಮನೆಯ ಮಂಜಣ್ಣ ಅದನ್ನು ತಿಂದು, "ಹೆಗಡೇರೆ, ಇದನ್ನ ಶಿರಸಿ ವಸ್ತುಪ್ರದರ್ಶನದಾಗೆ ಇಡಬೇಕು" ಎಂದ. ಅಲ್ಲಿಗೆ ನಾನು ಸಂಶೋಧಕನಾದೆ. ಅಂಗಡಿಗೆ ಪಂಪು ತಂದವರ ಜೊತೆ ಮಾತಾಡುವುದನ್ನೂ ಕಡಿಮೆ ಮಾಡಿದೆ.

"ಪ್ರದರ್ಶನಕ್ಕೆ ತಗಂಡು ಹೋಗಿ, ಅಡ್ಡಿಲ್ಲೆ. ಮಡಕೆ ಮಾತ್ರ ಜ್ವಾಪಾನ" ಎಂದು ಹೇಳಿ ಸರಸ್ವತಿ ಯಲ್ಲಾಪುರದ ತವರಿಗೆ ಹೋದಳು.

ಜೋಪಾನ ಮಾಡಿದೆ. ಸಂಘಟಕರ ಕಡೆಯವನೊಬ್ಬ ಫೋನಿನಲ್ಲಿ, "ಸ್ಟಾಲು ನೀಟಾಗಿರಬೇಕು ಸಾರ್, ದೊಡ್ಡೋರು ಬರ್ತಾರೆ" ಎಂದಿದ್ದ. ಮಡಕೆ ನೋಡಿದೆ. ಕರಿ! ಎಣ್ಣೆ ಜಿಡ್ಡು! ದೊಡ್ಡವರು ಇದನ್ನು ನೋಡಬೇಕೆ? ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದೆ. ಜಿಡ್ಡು ಬಿಡಲಿಲ್ಲ. ಬಿಸಿನೀರಿನಲ್ಲಿ ನೆನೆಸಿ ಮತ್ತೆ ಉಜ್ಜಿದೆ. ಕೊನೆಗೆ ಕೆಂಪು ಮಣ್ಣು ಕಂಡಿತು. ಇಷ್ಟಕ್ಕೆ ನಿಲ್ಲಿಸಿದರೆ ಸಂಶೋಧಕನಾಗುವುದು ಹೇಗೆ? ಅಂಚಿಗೆ ರೆಡ್ ಆಕ್ಸೈಡ್ ಬಳಿದೆ.

ಸರಸ್ವತಿ ಬಂದವಳು ಚೀಲ ಕೆಳಗಿಡದೆ ಕೇಳಿದಳು: "ಇದು ಯಾರ ಮನೆ ಮಡಕೆ?"

"ನಮ್ದೇಯ. ತೊಳದಿ."

"ಎಂತರಲ್ಲಿ?"

"ಸೋಪಿನ ಪುಡಿಲಿ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ತೊಡದೇವು ಮಡಕೆನ ಯಾರಾದ್ರೂ ತೊಳಿತ್ವನ? ಬಟ್ಟೆಲಿ ಒರೆಸದು! ಮದ್ವೆ ಆದಾಗಿಂದ ಎಣ್ಣೆ ಕುಡಿಸಿ ಸಾಕಿದ್ದಿ ಅದನ್ನ. ಇಷ್ಟು ವರ್ಷ ಈ ಮನೆಲಿ ಉಂಡಿದ್ದೊಂದೇಯನ, ಕಣ್ಣು ಬಿಟ್ಟು ನೋಡಿದ್ದಿಲ್ಯ?"

"ಮತ್ತೆ ಎಣ್ಣೆ ಹಚ್ಚಿರೆ ಆತು" ಎಂದೆ. ಹಚ್ಚಿದೆ. ಡಬ್ಬಿ ಖಾಲಿಯಾಯಿತು. ಮಡಕೆ ಎಲ್ಲವನ್ನೂ ಕುಡಿದು ಬರಡಾಗಿಯೇ ಉಳಿಯಿತು.

ಶಿರಸಿಯಲ್ಲಿ ನನ್ನ ಪಕ್ಕದ ಸ್ಟಾಲಿನವನು ಮಂಗ ಓಡಿಸುವ ಪೆಟ್ಟಿಗೆ ತಂದಿದ್ದ. ಅದು ಕಿರುಚಿದಾಗಲೆಲ್ಲ ಮನುಷ್ಯರು ಓಡಿ ನನ್ನ ಸ್ಟಾಲಿಗೆ ಬರುತ್ತಿದ್ದರು. ನನಗೆ ಜನ ಸೇರಿದ್ದು ಹೀಗೆ! ಗ್ಯಾಸು ಹೊತ್ತಿಸಿದೆ, ಸ್ವಿಚ್ಚು ಹಾಕಿದೆ. ಮಡಕೆ ಗಂಭೀರವಾಗಿ ತಿರುಗಿತು. ಹಿಟ್ಟು ಎಳೆದೆ. ಜಿಡ್ಡು ಕಳೆದುಕೊಂಡ ಮಡಕೆಗೆ ಅದು ಕಚ್ಚಿತು. ಚಾಕುವಿನಿಂದ ಕೆರೆದರೆ ಚೂರು ಚೂರಾಗಿ ಉದುರಿತು. ಅಂಚಿನ ಬಣ್ಣ ಕಾದು ಹೊಗೆ ಎದ್ದಿತು. ದೊಡ್ಡವರು ಬಂದರು, ಮೂಗು ಮುಚ್ಚಿಕೊಂಡರು, ಹೋದರು.

"ವೋಲ್ಟೇಜ್ ಸರಿ ಇಲ್ಲ" ಎಂದು ಅವರ ಬೆನ್ನಿಗೆ ವಿವರಿಸಿದೆ.

ಹಾವೇರಿ ಕಡೆಯ ಒಬ್ಬ ಹೆಂಗಸು ಮುಂದೆ ಬಂದಳು. "ಏನ್ರೀ ಇದು? ಬರೇ ಗಡಿಗಿ ತಿರುಗೂದು ನೋಡಾಕ ನಿಂತೀವೇನ್ರಿ?"

ನಾನು ರೆಗ್ಯುಲೇಟರು ತಿರುಗಿಸಿದೆ. ಬೆಳಗಿನಿಂದ ನನ್ನೊಡನೆ ಮಾತು ಬಿಟ್ಟು ಸ್ಟಾಲಿನ ಮೂಲೆಯಲ್ಲಿ ಕೂತಿದ್ದ ಸರಸ್ವತಿ ಎದ್ದಳು.

"ಗಂಡಸರು ಅಡುಗೆಮನೆಗೆ ಕಾಲಿಡದ ಹಾಗೆ ಮಾಡೋ ಯಂತ್ರ, ಅಕ್ಕಾ. ಇವತ್ತಿಂದ ಕೆಲಸ ಶುರು ಮಾಡಿದೆ."

"ಹೌದ್ರೀ? ಹಂಗಾರ ನಮಗೂ ಒಂದು ಮಾಡಿ ಕೊಡ್ರಿ!"

ನನ್ನ ಸಂಶೋಧನೆಗೆ ಬಂದ ಏಕೈಕ ಆರ್ಡರು ಅದು. ಜನ ನಕ್ಕರು. ಸರಸ್ವತಿಯೂ ನಕ್ಕಳು. ನಾನೂ ನಕ್ಕೆ, ನನ್ನ ಪರವಾಗಿ ನಗುವವರು ಯಾರೂ ಇರಲಿಲ್ಲವಲ್ಲ!

ಆ ಸಲದ ಮದುವೆ ಮನೆಗಳಿಗೆ ಅವಳು ತೊಡದೇವು ಆಗುವುದಿಲ್ಲವೆಂದು ಹೇಳಿ ಕಳಿಸಬೇಕಾಯಿತು. ದಿನಾ ಸಂಜೆ ಮಡಕೆಗೆ ಎಣ್ಣೆ ಸವರಿ, ಬೆಂಕಿ ತೋರಿಸಿ, ಮತ್ತೆ ಸವರಿ, ಅದನ್ನು ಕಪ್ಪಾಗಿಸಿದಳು. ಯಂತ್ರವನ್ನು ಅದರ ಹತ್ತಿರ ಬಿಡಲಿಲ್ಲ. ಮತ್ತೆ ಒಲೆಯ ಮುಂದೆಯೇ ಕೂತಳು, ಎಡಗೈಯಲ್ಲಿ ಎಳೆಯುವುದನ್ನು ಕಲಿತಳು. ಅವಳ ಬಲಗೈಗೆ ನಾನು ಕೊಡಿಸಿದ ವಿಶ್ರಾಂತಿ ಇದು!

ಈಗ ಮನೆಗೆ ಬರುವವರು ಅವಳ ತಾಳ್ಮೆಯನ್ನು ಹೊಗಳುತ್ತಾರೆ. ತಾಳ್ಮೆ ಬೆಳೆಯಲು ಹಗಲಿರುಳು ಶ್ರಮಿಸಿದವನು ಎದುರಿಗೇ ಕೂತಿದ್ದರೂ ಗುರುತಿಸುವುದಿಲ್ಲ.

ಹೋದ ವಾರ ಒಲೆ ಹೊತ್ತಿಸಿ, ಯಂತ್ರ ಗಿಂತ್ರ ಏನೂ ಇಲ್ಲದೆ, ಕೈಯಿಂದಲೇ ಒಂದು ತೊಡದೇವು ಎಳೆದೆ. ಮಡಕೆ ಕನ್ನಡಿಯಂತಿತ್ತು. ಎದ್ದು ಬಂದದ್ದು ಚೂರು. ಇನ್ನೊಂದು ಎಳೆದೆ, ಅದೂ ಚೂರು. ಮಡಕೆಯಲ್ಲಿ ದೋಷವಿಲ್ಲ, ವೋಲ್ಟೇಜಿನ ಮಾತೇ ಇಲ್ಲ, ಬೈಯಲು ಅವಳೂ ಇಲ್ಲ. ಆ ಕೆಲಸವನ್ನೂ ನಾನೇ ಮಾಡಿಕೊಂಡೆ. ಅದೂ ಅವಳಷ್ಟು ಚೆನ್ನಾಗಿ ಬರಲಿಲ್ಲ!