ತಂಗಿ ಬರೆದ ಗುಬ್ಬಿಗಳು

ಪಕ್ಕದ ಮನೆಯ ಹಾಲಿನ ಪ್ಯಾಕೆಟ್ ತಪ್ಪಿ ನಮ್ಮ ಬಾಗಿಲಿಗೆ ಬಂದರೆ ನಾನು ಆಗಲೇ ಕೊಟ್ಟುಬರುತ್ತೇನೆ. ಅಷ್ಟು ನಿಯತ್ತಿದೆ. ಆದರೆ ತಪ್ಪಿ ಬಂದ ಹೊಗಳಿಕೆಯನ್ನು ಮಾತ್ರ ಒಳಗೆ ತಂದು ಕಾಯಿಸಿಕೊಂಡು ಕುಡಿದುಬಿಟ್ಟೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಹೊಗಳಿಕೆ ನಮ್ಮ ಮನೆಗೆ ದಿನಾ ಬರುವ ಪದಾರ್ಥವೂ ಅಲ್ಲ.

ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಗೋಡೆ ತೇವ ಹಿಡಿದು ಸದಾ ಪುಡಿ ಉದುರಿಸುತ್ತಿತ್ತು. ಗುಡಿಸಿ ಗುಡಿಸಿ ಸಾಕಾಗಿ, ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿ ಸುಮ್ಮನಾಗಿದ್ದೆ. ನನ್ನ ತಂಗಿ ಸುಮ ದಾಸರಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಒಂದು ಭಾನುವಾರ ಬಂದು ಗೋಡೆ ಕೆರೆದು, ಪುಟ್ಟಿ ಮೆತ್ತಿ, ಒಣಗಿದ ಮೇಲೆ ಇನ್ನೊಂದು ಭಾನುವಾರ ಬಂದು ಅಚ್ಚು ಗಿಚ್ಚು ಇಲ್ಲದೆ ಬರೀ ಬ್ರಷ್ಷಿನಲ್ಲೇ ಮಲ್ಲಿಗೆ ಬಳ್ಳಿ ಬರೆದು ಗುಬ್ಬಿಗಳನ್ನು ಕೂರಿಸಿ ಹೋದಳು. ಅದರಲ್ಲೊಂದು ಅಡುಗೆಮನೆ ಕಡೆ ಬಗ್ಗಿ, ಇವತ್ತು ಏನು ಸಾರು ಎಂದು ಕೇಳುವ ಹಾಗಿತ್ತು. ಗಾರ್ಮೆಂಟ್ಸ್ ಬಿಟ್ಟು ಗೋಡೆಗೆ ಚಿತ್ರ ಬರೆಯುವುದನ್ನೇ ಕಸುಬು ಮಾಡಿಕೊಳ್ಳುವುದು ಅವಳ ಆಸೆ. ಮೊದಲು ಯಾರಾದರೂ ಒಬ್ಬರು ಕರೆದರೆ ಸಾಕು, ಆಮೇಲೆ ಬಾಯಿಂದ ಬಾಯಿಗೆ ಹೋಗುತ್ತದೆ ಎನ್ನುತ್ತಿದ್ದಳು.

ಆ ಒಬ್ಬರು ಬಂದೂ ಬಂದರು. ಮನೆ ಓನರ್ ಜಯಮ್ಮನವರು, ನೀರು ಪೋಲು ಮಾಡುತ್ತೀರಿ ಎಂದು ಬೈಯಲು ಬಂದವರು ಗೋಡೆ ನೋಡಿ ಬೈಗುಳ ಮರೆತರು.

“ಇದ್ಯಾರಮ್ಮ ಬರ್ದಿದ್ದು? ನೀನಾ?”

“ಹೂಂ, ಏನೋ ಬಿಡುವಾದಾಗ...” ಎಂದೆ. ಮಗಳ ನಿಶ್ಚಿತಾರ್ಥ ಹತ್ತಿರ ಬಂತು, ನಮ್ಮ ಗೋಡೆಗೂ ಇಂಗೇ ಬರ್ಕೊಡು ಎಂದು ಹೇಳಿ ಹೋದರು.

ಆಗಲೂ ಸುಮಳ ಹೆಸರು ಹೇಳಬಹುದಿತ್ತು. ಹೇಳದೆ ಅಂಗಡಿಗೆ ಹೋಗಿ ಗುಬ್ಬಿಯ ಸ್ಟೆನ್ಸಿಲ್ ತಂದೆ. ಗುಬ್ಬಿಯ ಆಕಾರ ಕತ್ತರಿಸಿದ ಪ್ಲಾಸ್ಟಿಕ್ ಹಾಳೆ. ಗೋಡೆಗೆ ಒತ್ತಿ ಹಿಡಿದು ಬಣ್ಣ ತಟ್ಟಿದರೆ ಮುಗಿಯಿತಂತೆ. ಸೋಮವಾರ ಬೆಳಿಗ್ಗೆ ಜಯಮ್ಮನವರ ಗೋಡೆಯ ಮುಂದೆ ನಿಂತು, ಸಾರಿಗೆ ಬೆರೆಸುವ ಹಾಗೆ ಬಣ್ಣಕ್ಕೆ ನೀರು ಬೆರೆಸಿದೆ. ಅದು ಹಾಳೆಯ ಅಡಿಗೆ ಇಳಿದು ಗುಬ್ಬಿಗಳಿಗೆಲ್ಲ ಹೊಟ್ಟೆ ಬಂತು. ಎರಡು ಗುಬ್ಬಿ ಎದುರುಬದುರು ಕೂರಲಿ ಎಂದು ಹಾಳೆ ಮಗುಚಿದರೆ, ಅದರ ಮೇಲಿದ್ದ ಹಸಿ ಬಣ್ಣವೆಲ್ಲ ಗೋಡೆಗೆ ಮೆತ್ತಿಕೊಂಡಿತು. ಕತ್ತು ಹಿಡಿದು, ಸೊಂಟ ಬಿದ್ದುಹೋಗಿ ನಿಂತಿದ್ದಾಗ ಜಯಮ್ಮನವರು ಕಾಫಿ ತಂದರು. ಗೋಡೆಯನ್ನು ಬಹಳ ಹೊತ್ತು ನೋಡಿ, “ನಮ್ಮನೇಲಿ ಸೋಮವಾರ ಕೋಳಿ ತರಲ್ಲ ಕಣಮ್ಮ” ಎಂದರು.

ಸುಮಳಿಗೆ ಫೋನ್ ಮಾಡಿ ಎಲ್ಲ ಹೇಳಿ ಅತ್ತೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ರಜೆ ಹಾಕಿ ಬಂದು, ನನ್ನ ಕೋಳಿಗಳನ್ನೆಲ್ಲ ಎಲೆಗಳಲ್ಲಿ ಮುಚ್ಚಿ, ಸಂಜೆಯೊಳಗೆ ಗೋಡೆ ತುಂಬ ಬಳ್ಳಿ ಹಬ್ಬಿಸಿದಳು. ಜಯಮ್ಮನವರು ಅವಳ ಬೆನ್ನು ತಟ್ಟಿ, “ಅಕ್ಕನ ಕೈ ನೋಡಿ ಚೆನ್ನಾಗಿ ಕಲ್ತಿದ್ದೀಯ” ಎಂದರು. ಸುಮ ತಲೆಯೆತ್ತದೆ ಬ್ರಷ್ ತೊಳೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅಮ್ಮಾ, ನನಗೆ ಒಂದು ಗೆರೆ ಎಳೆಯೋಕೂ ಬರಲ್ಲ. ನಮ್ಮನೇದೂ ಇವಳೇ ಬರೆದಿದ್ದು. ನಾನು ಸುಳ್ಳು ಹೇಳ್ದೆ.”

ಜಯಮ್ಮನವರ ಕಣ್ಣು ತುಂಬಿತು. ಮಗಳನ್ನು ಕರೆದು, “ನೋಡೇ, ತಂಗಿಗೆ ಎಸ್ರು ಬರ್ಲಿ ಅಂತ ತಾನು ಮಾಡಿದ್ನೂ ಬಿಟ್ಕೊಡ್ತಾವ್ಳೆ. ಆ ಕೋಳಿನೂ ಬೇಕಂತ್ಲೇ ಬರ್ದವ್ಳೆ, ತಂಗೀನ ಕರ್ಸೋಕೆ” ಎಂದರು. ನಾನು ಎಷ್ಟು ಅಲ್ಲ ಅಂದೆನೋ ಅವರ ಕಣ್ಣಲ್ಲಿ ಅಷ್ಟೂ ದೊಡ್ಡವಳಾದೆ. ತಮ್ಮ ಮಹಡಿ ಮನೆಯ ಗೋಡೆಗಳ ಕೆಲಸ ಸುಮಳಿಗೇ ಕೊಟ್ಟರು, ಆದರೆ ಒಂದು ಷರತ್ತು: ನಾನು ಪಕ್ಕದಲ್ಲಿದ್ದು ಹೇಳಿಕೊಡಬೇಕು.

ಈಗ ದಿನಾ ಸಂಜೆ ಅವಳು ಗಾರ್ಮೆಂಟ್ಸ್ ಮುಗಿಸಿ ಬಂದ ಮೇಲೆ ನಾನೂ ಮಹಡಿ ಹತ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತೇನೆ. ಸುಮ ಏಣಿಯ ಮೇಲಿಂದ, “ಸೂಪರ್‌ವೈಸರ್ ಮೇಡಂ, ಈ ಎಲೆ ಸರಿಯಾಗಿದ್ಯಾ?” ಎನ್ನುತ್ತಾಳೆ. ನಾಚಿಕೆಯಿಂದ ನೆಲ ನೋಡುತ್ತೇನೆ. ನಿನ್ನೆ ಅವಳು ಹಾಗೆ ಕೇಳಿದಾಗ ಜಯಮ್ಮನವರು ಬಾಗಿಲಲ್ಲೇ ನಿಂತಿದ್ದರು. ನಾನು ಕಣ್ಣು ಕಿರಿದು ಮಾಡಿ ನೋಡಿ, “ಇನ್ನೊಂಚೂರು ಎಡಕ್ಕಿದ್ದಿದ್ರೆ ಚೆನ್ನಾಗಿರ್ತಿತ್ತು” ಎಂದೆ.